ಕೊಳ್ಳುವ ಮುಂಚೆ ಬಿಡಿಭಾಗದ ಬೆಲೆಯನ್ನೂ ಕೇಳಿ

ಮಾನ್ಯ ಸಂಪಾದಕರೇ,

ಹೊಸ ಸಾಮಾನುಗಳನ್ನು ಪರಿಚಯಿಸುವ ಬರಹಗಳಲ್ಲಿ ಬೆಲೆ, ಬಣ್ಣ, ರಿಯಾಯಿತಿ ಎಲ್ಲ ಇರುತ್ತದೆ. ಕೊಂಡ ಮೇಲೆ ತಿಂಗಳಿಗೆ ಎಷ್ಟು ಸುರಿಯಬೇಕು, ಕೆಟ್ಟರೆ ಬಿಡಿಭಾಗ ಸಿಗುತ್ತದೆಯೇ ಎಂಬುದು ಮಾತ್ರ ಇರುವುದಿಲ್ಲ. ದುಂದು ಬೇಡವೆಂದು ಅಗ್ಗದ್ದನ್ನೇ ಹುಡುಕಿ ತರುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಇಂಕ್‌ಜೆಟ್ ಪ್ರಿಂಟರನ್ನೇ ನೋಡಿ. ಯಂತ್ರ ಅಗ್ಗ, ಆದರೆ ಜೊತೆಗೆ ಬರುವ ಕಾರ್ಟ್ರಿಜ್‌ನಲ್ಲಿ ಎಷ್ಟೋ ಸಲ ಶಾಯಿ ಕಡಿಮೆಯೇ ಇರುತ್ತದೆ. ‘ಇಷ್ಟು ಪುಟ ಬರುತ್ತದೆ’ ಎಂದು ಡಬ್ಬಿಯ ಮೇಲೆ ಬರೆದ ಲೆಕ್ಕ ಹಾಳೆಯ ಅಲ್ಪಸ್ವಲ್ಪ ಭಾಗಕ್ಕಷ್ಟೇ ಶಾಯಿ ತಗಲುವ ಪುಟಗಳದ್ದು. ಹಾಳೆ ತುಂಬ ಚಿತ್ರ ಮುದ್ರಿಸುವವರಿಗೆ ಅದು ಅನ್ವಯಿಸದು. ಕೆಲವು ವಾರ ಮುಟ್ಟದೆ ಬಿಟ್ಟರೆ ಶಾಯಿ ಚಿಮ್ಮುವ ಸಣ್ಣ ತೂತುಗಳಲ್ಲಿ ಅದು ಒಣಗಿ ಕಟ್ಟಿಕೊಳ್ಳುತ್ತದೆ, ಅದನ್ನು ಬಿಡಿಸಲು ‘ಕ್ಲೀನಿಂಗ್’ ಒತ್ತಿದಾಗಲೆಲ್ಲ ಮತ್ತಷ್ಟು ಶಾಯಿ ಹೋಗುತ್ತದೆ. ಎರಡು ಮೂರು ಸಲ ಕಾರ್ಟ್ರಿಜ್ ಬದಲಾಯಿಸುವಷ್ಟರಲ್ಲಿ ಮೂಗಿಗಿಂತ ಮೂಗುತಿ ಭಾರ. ಕಾರ್ಟ್ರಿಜ್ ಬೆಲೆಯನ್ನು ಪುಟಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ತಿಂಗಳಿಗೆ ನಾಲ್ಕೈದು ಹಾಳೆ ಮುದ್ರಿಸುವವರಿಗೆ ಹೊರಗೆ ಪ್ರಿಂಟ್ ತೆಗೆಸುವುದೇ ಲಾಭ.

ಕರೆಂಟ್ ಉಳಿಸುವ ಸಾಮಾನುಗಳದ್ದೂ ಇದೇ ಲೆಕ್ಕ. ಸಾಧಾರಣ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರಿನ) ಫ್ಯಾನ್ ಸುಮಾರು 30 ವ್ಯಾಟ್. ದಿನಕ್ಕೆ 12 ಗಂಟೆ ಓಡುವ ಕೋಣೆಯಲ್ಲಿ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ದಿನಕ್ಕೆ ಒಂದೇ ಗಂಟೆ ಓಡುವ ಕೋಣೆಯಲ್ಲಿ ಉಳಿಯುವುದು ಒಂದೂವರೆ ಯೂನಿಟ್‌ಗೂ ಕಡಿಮೆ. ಉಳಿದ ಯೂನಿಟ್‌ಗಳನ್ನು ನಿಮ್ಮ ಬಿಲ್ಲಿನ ದರದಿಂದ ಗುಣಿಸಿ, ಬಂದದ್ದರಿಂದ ಫ್ಯಾನಿನ ಬೆಲೆಯನ್ನು ಭಾಗಿಸಿದರೆ ಹಾಕಿದ ದುಡ್ಡು ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆಂದು ತಿಳಿಯುತ್ತದೆ. ಅದು ವಾರಂಟಿಗಿಂತ ಉದ್ದವಾದರೆ ಹಳೆಯದೇ ತಿರುಗಲಿ. ‘ಫ್ಯಾನ್ ನಿಧಾನವಾಯಿತು’ ಎಂದು ಹೊಸದಕ್ಕೆ ಓಡುವವರೂ ಇದ್ದಾರೆ. ಸಾಧಾರಣ ಫ್ಯಾನಿನಲ್ಲಿ ಬಹಳಷ್ಟು ಸಲ ಹೋಗಿರುವುದು ಒಳಗಿನ ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗ ಅಷ್ಟೇ. ಅದರ ಮೇಲೆ ಮುದ್ರಿಸಿರುವ ಮೈಕ್ರೊಫ್ಯಾರಡ್ (µF) ಸಂಖ್ಯೆಯದ್ದೇ ಇನ್ನೊಂದನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿದರೆ ಮೊದಲಿನ ವೇಗ ಬರುತ್ತದೆ. ಕರಕರ ಸದ್ದು ಬಂದರೆ ಬೇರಿಂಗ್ ನೋಡಿಸಿ.

ಕೊಳ್ಳಬೇಕೆನಿಸಿದ್ದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುವುದು ಹಳೆಯ ಉಪಾಯ. ಅದನ್ನು ಅರ್ಧಂಬರ್ಧ ಮಾಡುವುದರಿಂದಲೇ ಅದು ಕೆಲಸಕ್ಕೆ ಬರುತ್ತಿಲ್ಲ. ಸಾಮಾನಿನ ಹೆಸರೊಂದನ್ನೇ ಬರೆದರೆ ಸಾಲದು. ತಾರೀಖು, ಅವತ್ತಿನ ಬೆಲೆ, ಅದಿಲ್ಲದೆ ನಿಂತಿರುವ ಕೆಲಸ ಯಾವುದು, ಆ ಕೆಲಸವನ್ನು ಸದ್ಯಕ್ಕೆ ಯಾವುದರಿಂದ ಮಾಡುತ್ತಿದ್ದೀರಿ, ಇಷ್ಟನ್ನೂ ಬರೆಯಿರಿ. ಸಣ್ಣ ಪುಟ್ಟದ್ದಕ್ಕೆ ಒಂದು ವಾರ, ದೊಡ್ಡದಕ್ಕೆ 30 ದಿನ ಬಿಡಿ. ಈ ನಡುವೆ ‘ಅದಿದ್ದಿದ್ದರೆ’ ಎಂದು ಅನಿಸಿದಾಗಲೆಲ್ಲ ಆ ಸಾಲಿನ ಮುಂದೆ ಒಂದು ಗೀಟು ಹಾಕಿ. ಗೀಟೇ ಬೀಳದಿದ್ದರೆ ಸಾಲು ಹೊಡೆದುಹಾಕಬಹುದು. ಮೊದಲ ದಿನದ ಬೆಲೆ ಬರೆದಿಟ್ಟಿದ್ದಕ್ಕೆ ಇನ್ನೊಂದು ಉಪಯೋಗವೂ ಉಂಟು: ‘ಭಾರಿ ಕಡಿತ’ ಬಂದಾಗ ಗೀಟೆಳೆದು ತೋರಿಸಿದ ಹಳೇ ಬೆಲೆ ಅಸಲಿಯೋ, ಕಡಿತ ತೋರಿಸಲೆಂದೇ ಏರಿಸಿದ್ದೋ ಗೊತ್ತಾಗುತ್ತದೆ. ಪಟ್ಟಿಯನ್ನು ಆನ್‌ಲೈನ್ ಅಂಗಡಿಯ ಕಾರ್ಟ್‌ನಲ್ಲಿ ಮಾತ್ರ ಇಡಬೇಡಿ. ಮರೆಯಲೆಂದು ಇಟ್ಟದ್ದನ್ನು ಅದು ದಿನಕ್ಕೆರಡು ಸಲ ನೆನಪಿಸುತ್ತದೆ.

ಎಷ್ಟು ಸಲ ಬಳಸುತ್ತೀರಿ ಎಂಬ ಅಂದಾಜನ್ನು ಉತ್ಸಾಹದಿಂದ ಹಾಕಬಾರದು. ವ್ಯಾಯಾಮದ ಸೈಕಲ್ ಬೇಕೆಂದರೆ ಹೋದ ತಿಂಗಳು ಎಷ್ಟು ದಿನ ವಾಕಿಂಗ್ ಹೋಗಿದ್ದೀರಿ ಎಂದು ಎಣಿಸಿ, ಅದೇ ಸಂಖ್ಯೆ ಇಟ್ಟುಕೊಳ್ಳಿ. ಗೋಡೆಗೆ ವರ್ಷಕ್ಕೆ ನಾಲ್ಕು ತೂತು ಕೊರೆಯುವವರಿಗೆ ಡ್ರಿಲ್ ಮೆಷಿನ್ ಬಾಡಿಗೆಗೆ ತಂದರೆ ಸಾಕು.

ಆಫರ್‌ಗಳ ಲೆಕ್ಕ ಬೇಗ ಮುಗಿಸಬಹುದು. ‘50+20’ ಎಂದರೆ ಶೇಕಡಾ 70 ಅಲ್ಲ, 60: ಎರಡನೆಯ 20 ಕಡಿತವಾಗುವುದು ಉಳಿದ ಅರ್ಧ ಬೆಲೆಯ ಮೇಲೆ. ಎರಡು ಕೊಂಡರೆ ಒಂದು ಉಚಿತ ಎಂಬುದು ಶೇಕಡಾ 33ರ ರಿಯಾಯಿತಿ. ಮೂರನೆಯದು ಬಳಕೆಯಾಗದೆ ಹಾಳಾದರೆ ಸೊನ್ನೆ. ಕಂತಿನಲ್ಲಿ ಕೊಳ್ಳುವಾಗ ಬಡ್ಡಿ ‘ಫ್ಲ್ಯಾಟ್’ ದರವೋ ಎಂದು ಕೇಳಿ. ಒಂದು ವರ್ಷದ ಕಂತಿಗೆ ಫ್ಲ್ಯಾಟ್ ಶೇಕಡಾ 12 ಎಂದರೆ, ಅಸಲು ತಿಂಗಳು ತಿಂಗಳು ಕರಗಿದರೂ ಬಡ್ಡಿ ಮೊದಲ ದಿನದ ಪೂರ್ತಿ ಮೊತ್ತದ ಮೇಲೆಯೇ. ಬಾಕಿ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇಕಡಾ 21 ದಾಟುತ್ತದೆ.

ಅಗ್ಗಕ್ಕೆ ಸಿಕ್ಕಿತೆಂದು ತಂದು ಗುಡ್ಡೆ ಹಾಕುವುದು ಇನ್ನೊಂದು ಮೋಸ. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್‌ನ ಅಡಿಯಿರುವ ಶೂಗಳನ್ನು ಹಾಕದೆ ಡಬ್ಬಿಯಲ್ಲಿಟ್ಟರೂ ಗಾಳಿಯ ತೇವಕ್ಕೆ ಕೆಲವೇ ವರ್ಷಗಳಲ್ಲಿ ಅಡಿ ಪುಡಿಪುಡಿಯಾಗುತ್ತದೆ. ಎಲಾಸ್ಟಿಕ್ ಸಡಿಲವಾಗುತ್ತದೆ, ಬ್ಯಾಟರಿ ಸೆಲ್ ಸೋರುತ್ತದೆ, ಪವರ್ ಬ್ಯಾಂಕ್ ಇಟ್ಟಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ.

ಅಂಗಡಿಯಲ್ಲಿ ಸಾಮಾನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಹೊರಕವಚಕ್ಕೆ ಸ್ಕ್ರೂ ಇದೆಯೇ, ಅಂಟಿಸಿ ಮುಚ್ಚಿದ್ದಾರೆಯೇ? ಅಂಟಿಸಿದ್ದು ಬಿಚ್ಚುವಾಗಲೇ ಎಷ್ಟೋ ಸಲ ಮುರಿಯುತ್ತದೆ, ರಿಪೇರಿಯವರು ಮುಟ್ಟಲು ಹಿಂಜರಿಯುವುದು ಅದಕ್ಕೇ. ಬ್ಯಾಟರಿ ಬದಲಾಯಿಸಲು ಬರುತ್ತದೆಯೇ? ಲಿಥಿಯಂ ಬ್ಯಾಟರಿಯ ಕಸುವು ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಕುಗ್ಗುತ್ತದೆ. ಬದಲಾಯಿಸಲು ಬಾರದ್ದಾದರೆ ಸಾಮಾನಿನ ಆಯಸ್ಸೂ ಅಷ್ಟೇ.

ಸೆಕೆಂಡ್ ಹ್ಯಾಂಡ್ ಎಂದು ಮೂಗು ಮುರಿಯಬೇಕಿಲ್ಲ. ಮರದ ಮೇಜು, ಕಬ್ಬಿಣದ ಕಪಾಟು, ಸೈಕಲ್ ಧಾರಾಳವಾಗಿ ಕೊಳ್ಳಬಹುದು. ಹೆಲ್ಮೆಟ್ ಮಾತ್ರ ಬೇಡ: ಒಳಗಿನ ಥರ್ಮೊಕೋಲ್‌ನಂಥ ಪದರ ಒಂದು ಪೆಟ್ಟಿಗೆ ಅದುಮಿಹೋದರೆ ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ವೈರು, ಎಕ್ಸ್‌ಟೆನ್ಷನ್ ಬೋರ್ಡ್, ಬ್ರೇಕ್ ಪ್ಯಾಡ್‌ಗಳಲ್ಲೂ ಚೌಕಾಸಿ ಬೇಡ. ತೆಳು ವೈರಿಗೆ ಹೀಟರ್ ಹಾಕಿದರೆ ವೈರೇ ಬಿಸಿಯಾಗುತ್ತದೆ.

ಹೊಸ ಸಾಮಾನುಗಳನ್ನು ಪರಿಚಯಿಸುವಾಗ ತಾವು ಬೆಲೆಯ ಪಕ್ಕದಲ್ಲಿ ಇನ್ನು ಮೂರು ವಿವರ ಮುದ್ರಿಸಬೇಕೆಂದು ಕೋರಿಕೆ: ತಿಂಗಳ ಬಳಕೆಯ ಖರ್ಚು, ಬೇಗ ಸವೆಯುವ ಭಾಗದ ಬೆಲೆ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆಂದು ಕಂಪನಿ ಬರೆದುಕೊಟ್ಟಿದೆ ಎಂಬುದು. ಕಂಪನಿ ಉತ್ತರಿಸದಿದ್ದರೆ ‘ಉತ್ತರ ಬಂದಿಲ್ಲ’ ಎಂದೇ ಹಾಕಿ.

– ಓದುಗ