ಅಕ್ರಿಂಗ್ಟನ್ ಸ್ಟ್ಯಾನ್ಲಿ ಕ್ಲಬ್ ಬಗ್ಗೆ ಓಡಾಡ್ತಿರೋ ಫಾರ್ವರ್ಡ್ ಮೆಸೇಜ್ ಕುರಿತು ಸೂಚನೆ

ಎಲ್ರಿಗೂ ನಮಸ್ಕಾರ, 1888ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಶುರು ಮಾಡಿದ 12 ಕ್ಲಬ್‌ಗಳಲ್ಲಿ ಸ್ಟ್ಯಾನ್ಲಿನೂ ಇತ್ತು ಅನ್ನೋ ಮೆಸೇಜ್ ಮುಂದೆ ಕಳಿಸ್ಬೇಡಿ, ಅದು ಅಕ್ರಿಂಗ್ಟನ್ ಊರಿನದೇ ಬೇರೆ ಕ್ಲಬ್ಬು. ಸ್ಟ್ಯಾನ್ಲಿ ಕಥೆ ಇನ್ನೂ ಮಜವಾಗಿದೆ. 1962ರಲ್ಲಿ ಸಾಲ ಕುತ್ತಿಗೆಗೆ ಬಂದು ಸೀಸನ್ ಮಧ್ಯದಲ್ಲೇ ಫುಟ್‌ಬಾಲ್ ಲೀಗ್‌ಗೆ ರಾಜೀನಾಮೆ ಪತ್ರ ಕಳಿಸಿದ್ರು, ಆಮೇಲೆ ಮನಸ್ಸು ಬದಲಾಯ್ಸಿ ವಾಪಸ್ ತಗೋತೀವಿ ಅಂದ್ರೆ ಲೀಗ್ ಸೆಕ್ರೆಟರಿ ಅಲನ್ ಹಾರ್ಡೇಕರ್ ಸುತರಾಂ ಒಪ್ಲಿಲ್ಲ, ಜಾಗ ಆಕ್ಸ್‌ಫರ್ಡ್ ಯುನೈಟೆಡ್ ಪಾಲಾಯ್ತು. 1968ರಲ್ಲಿ ಕ್ಲಬ್ ಹೊಸದಾಗಿ ಕಟ್ಟಿ, ಕೆಳಗಿನ ಲೀಗ್‌ಗಳಲ್ಲಿ ವರ್ಷಗಟ್ಟಲೆ ಒದ್ದಾಡಿ, ಜಾನ್ ಕೋಲ್ಮನ್ ಮ್ಯಾನೇಜರ್ ಆಗಿದ್ದಾಗ 2006ರಲ್ಲಿ ಮತ್ತೆ ಫುಟ್‌ಬಾಲ್ ಲೀಗ್‌ಗೆ ಬಂದ್ರು, ಆ ವರ್ಷ ಕೆಳಗಿಳಿದವ್ರಲ್ಲಿ ಯಾರಿದ್ರು ಗೊತ್ತಾ, ಅದೇ ಆಕ್ಸ್‌ಫರ್ಡ್! 2018ರಲ್ಲಿ ಲೀಗ್ ಟೂ (ಇಂಗ್ಲೆಂಡಿನ ನಾಲ್ಕನೇ ಹಂತದ ಲೀಗ್) ಕಪ್ಪೂ ಹೊಡೆದ್ರು. ಹಳೇ ಫೋಟೋ, ಕ್ಲಿಪ್ ಇದ್ರೆ ಹಾಕಿ, ಬೆಟ್ಟಿಂಗ್ ಲಿಂಕ್ ಹಾಕಿದ್ರೆ ಮಾತ್ರ ಡಿಲೀಟ್ ಮಾಡ್ತೀವಿ.