ಹಾಕುವ ಮೊದಲು ತೆಗೆಯುವುದು ಕಲಿ

ಸೋಮವಾರಪೇಟೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಪ್ಪನ ಹಳೇ ಲ್ಯಾಪ್‌ಟಾಪಿನಲ್ಲಿ ಮನೆಗೊಂದು ಸರ್ವರ್ ಮಾಡುತ್ತೇನೆ, ಎಲ್ಲರ ಫೋಟೋನೂ ಅದರಲ್ಲೇ ಇಡುತ್ತೇನೆ ಅಂದೆಯಲ್ಲ, ಕೇಳಿ ತುಂಬಾ ಖುಷಿಯಾಯಿತು. ಮೊನ್ನೆ ಫೋನಿನಲ್ಲಿ ಅರ್ಧಕ್ಕೇ ಲೈನ್ ಹೋಯಿತು. ಹೇಳಬೇಕಾದದ್ದು ಬಹಳ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಸರ್ವರ್ ನಡೆಸುವ ಸಾಫ್ಟ್‌ವೇರ್ ಯಾವುದು, ಯುನೋಹೋಸ್ಟ್ ಹಾಕಲಾ, ಕಾಸಾಓಎಸ್ ಹಾಕಲಾ ಅಂತ ನೀನು ಕೇಳಿದ್ದೆ. ಎರಡೂ ಹೊಸಬರಿಗೆ ಸುಲಭವಾಗಲಿ ಅಂತಲೇ ಮಾಡಿದವು, ಎರಡಕ್ಕೂ ದುಡ್ಡಿಲ್ಲ. ನಾನು ಎರಡನ್ನೂ ಬಳಸಿದ್ದೇನೆ.

ಯುನೋಹೋಸ್ಟ್ 2012ರಲ್ಲಿ ಶುರುವಾದದ್ದು, ಸ್ವಯಂಸೇವಕರು ನಡೆಸಿಕೊಂಡು ಬಂದಿರುವುದು. ವಿಂಡೋಸ್ ಜಾಗದಲ್ಲಿ ಹಾಕುವ ಡೆಬಿಯನ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಮೇಲೆ ಕೂರುತ್ತದೆ. ಮನೆಯ ಒಬ್ಬೊಬ್ಬರಿಗೂ ಒಂದು ಖಾತೆ ಮಾಡಿಕೊಟ್ಟರೆ, ಒಂದೇ ಪಾಸ್‌ವರ್ಡಿನಲ್ಲಿ ಹೆಚ್ಚಿನ ಆ್ಯಪ್‌ಗಳಿಗೆ ಹೋಗಬಹುದು. ಬ್ರೌಸರ್ ಸುರಕ್ಷಿತ ಅಂತ ನಂಬಲು ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟನ್ನು ಅದೇ ತರಿಸಿ, ಅವಧಿ ಮುಗಿಯುವ ಮೊದಲು ಅದೇ ಹೊಸದು ಮಾಡಿಕೊಳ್ಳುತ್ತದೆ. ಬಹಳ ಅಚ್ಚುಕಟ್ಟು. ಆದರೆ ಅದು ಪೂರ್ತಿ ಕೆಲಸ ಮಾಡಬೇಕಾದರೆ ಹೊರಗಿನ ಇಂಟರ್‌ನೆಟ್‌ನಿಂದ ನಿನ್ನ ಮನೆಗೆ ನೇರ ದಾರಿ ಇರಬೇಕು. ರೌಟರ್‌ನಲ್ಲಿ 80 ಮತ್ತು 443ನೇ ಪೋರ್ಟ್, ಅಂದರೆ ಹೊರಗಿನಿಂದ ಒಳಗೆ ಬರುವ ಬಾಗಿಲು, ತೆರೆಯಬೇಕು.

ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಬ್ರೌಸರ್‌ನಲ್ಲಿ ರೌಟರ್‌ನ ಸೆಟ್ಟಿಂಗ್ಸ್ ಪೇಜ್ ತೆಗೆದು ವ್ಯಾನ್ ಐಪಿ (WAN IP, ಇಂಟರ್‌ನೆಟ್ ಕಡೆಯ ವಿಳಾಸ) ಅಂತ ಇರುವ ಕಡೆ ನೋಡು. ಅಲ್ಲಿರುವ ನಂಬರ್ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿನ್ನ ಮನೆಗೆ ಸ್ವಂತ ವಿಳಾಸ ಇಲ್ಲ. ಎಷ್ಟೋ ಮನೆಗಳು ಸೇರಿ ಒಂದೇ ವಿಳಾಸ ಹಂಚಿಕೊಂಡಿವೆ ಅಂತ ಅರ್ಥ. ನಮ್ಮ ತೋಟದಲ್ಲಿ ಕೆಲಸದವರು ಇರುವ ಸಾಲು ಮನೆಗಳ ಹಾಗೆ. ಪೋಸ್ಟಿನವನು ಗೇಟಿನ ತನಕ ಬರುತ್ತಾನೆ, ಒಳಗೆ ಯಾವ ಮನೆ ಅಂತ ಅವನಿಗೆ ತಿಳಿಯುವುದಿಲ್ಲ. ಆಗ ನೀನು ರೌಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಉಪಯೋಗವಿಲ್ಲ. ಇಲ್ಲಿ ಇಂಟರ್‌ನೆಟ್ ಲೈನ್ ಬದಲಾಯಿಸಿದ ಮೇಲೆ ಇದು ಗೊತ್ತಾಗದೆ ನಾನು ನಾಲ್ಕು ಸಂಜೆ ಕಳೆದೆ. ನೀನು ಮೊದಲೇ ಆ ನಂಬರ್ ನೋಡಿಬಿಡು.

ನಿನಗೆ ಬೇಕಾದದ್ದು ಫೋಟೋ ಇಡುವ ಜಾಗ, ಅಲ್ವಾ? ಹಾಗಾದರೆ ಕಾಸಾಓಎಸ್ ಸಾಕು. ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಿ ಒಂದು ಸಾಲಿನ ಕಮ್ಯಾಂಡ್ ಕೊಟ್ಟರೆ ಬರುತ್ತದೆ. ಆಮೇಲೆ ಎಲ್ಲಾ ಬ್ರೌಸರ್‌ನಲ್ಲೇ. ಅದರದೇ ಆ್ಯಪ್ ಸ್ಟೋರಿನಿಂದ ಇಮಿಚ್ ಅನ್ನುವ ಫೋಟೋ ಆ್ಯಪ್ ಹಾಕಿಕೋ. ಫೋನಿನಲ್ಲಿ ತೆಗೆದ ಫೋಟೋ ತಾನಾಗಿ ಬಂದು ಸೇರುತ್ತದೆ, ಮುಖ ನೋಡಿ ಗುಂಪು ಮಾಡುತ್ತದೆ. 8 ಜಿಬಿ ರ್‍ಯಾಮ್ ಇದ್ದರೆ ಆರಾಮಾಗಿ ಓಡುತ್ತದೆ. ಹೊರಗಿನಿಂದ ನೋಡಬೇಕೆಂದರೆ ಫೋನಿಗೂ ಸರ್ವರ್‌ಗೂ ಟೇಲ್‌ಸ್ಕೇಲ್ ಹಾಕು, ಅದು ನಿನ್ನ ಸಾಧನಗಳ ನಡುವೆ ಖಾಸಗಿ ದಾರಿ ಮಾಡುವ ಆ್ಯಪ್. ಎರಡೂ ಒಳಗಿನಿಂದ ಹೊರಗೆ ಹೋಗಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ, ಪೋರ್ಟ್ ತೆರೆಯುವ ಮಾತೇ ಇಲ್ಲ.

ಇಷ್ಟೂ ಒಂದು ಭಾನುವಾರದ ಕೆಲಸ. ಪುಟ್ಟಿ, ನನಗೆ ಭಯ ಇರುವುದು ಆ ಸುಲಭದ ಬಗ್ಗೆಯೇ.

ನಾಲ್ಕು ವರ್ಷದ ಹಿಂದೆ ಏಪ್ರಿಲ್‌ನಲ್ಲಿ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬೀಳುವ ಹೊತ್ತಿಗೆ, ಮಧ್ಯಾಹ್ನ ಜೋರು ಗುಡುಗು ಶುರುವಾಯಿತು. ನಾನು ತೋಟದಲ್ಲಿದ್ದೆ. ನನ್ನ ಸರ್ವರಿನ ಪ್ಲಗ್ ತೆಗೆದಿರಲಿಲ್ಲ. ಬಂದು ನೋಡಿದರೆ ಕೋಣೆಯೆಲ್ಲಾ ಸುಟ್ಟ ವಾಸನೆ. ಅಡಾಪ್ಟರ್ ಒಂದು ಕಡೆ ಕಪ್ಪಾಗಿತ್ತು. ಬೋರ್ಡೂ ಹೋಯಿತು, ಡಿಸ್ಕೂ ಹೋಯಿತು. ಬ್ಯಾಕಪ್ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ವಾರಕ್ಕೊಮ್ಮೆ ಬಟನ್ ಒತ್ತುತ್ತಿದ್ದೆ, ಹಸಿರು ಟಿಕ್ ಬರುತ್ತಿತ್ತು. ಆ ಬ್ಯಾಕಪ್ ಅದೇ ಡಿಸ್ಕಿನ ಇನ್ನೊಂದು ಫೋಲ್ಡರ್‌ನಲ್ಲಿತ್ತು. ಸಾಫ್ಟ್‌ವೇರಿನದು ತಪ್ಪಲ್ಲ. ಎಲ್ಲಿ ಇಡುತ್ತಿದೆ ಅಂತ ನಾನು ಒಂದು ದಿನವೂ ನೋಡಿರಲಿಲ್ಲ.

ಅದರಲ್ಲಿ ನಿನ್ನ ಅಜ್ಜಿಯ ಏಳು ರೆಕಾರ್ಡಿಂಗ್ ಇದ್ದವು. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ನಾಟಿ ಹಾಡು ಹೇಳಿದ್ದಳು. ನಡುವೆ ಕೆಮ್ಮು, ಹಿಂದೆ ಕೋಳಿಗಳ ಸದ್ದು. ಸರ್ವರ್‌ಗೆ ಹಾಕಿದ್ದೇನಲ್ಲ ಅಂತ ಫೋನಿನಿಂದ ಅಳಿಸಿಬಿಟ್ಟಿದ್ದೆ, ಜಾಗ ಸಾಲದು ಅಂತ. ಅವಳು ಹೋಗಿ ಆಗಲೇ ಎರಡು ವರ್ಷವಾಗಿತ್ತು. ಯಾರ ಹತ್ತಿರವೂ ಇನ್ನೊಂದು ಪ್ರತಿ ಇರಲಿಲ್ಲ. ಇವತ್ತಿಗೂ ಗುಡುಗಿದರೆ ನನಗೆ ಅದೇ ನೆನಪು.

ಆದ್ದರಿಂದ ಒಂದು ಮಾತು ನಡೆಸಿಕೊಡು. ಮೊದಲು ಇಪ್ಪತ್ತೇ ಫೋಟೋ ಹಾಕು. ಒಂದು ಆಲ್ಬಮ್ ಮಾಡು, ಎರಡು ಮುಖಕ್ಕೆ ಹೆಸರು ಕೊಡು. ಆಮೇಲೆ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಬೇರೊಂದು ಕಂಪ್ಯೂಟರಿನಲ್ಲಿ ಇಮಿಚ್ ಹಾಕಿ ವಾಪಸ್ ತರಿಸು. ಇಮಿಚ್‌ನಲ್ಲಿ ಉಳಿಸಬೇಕಾದದ್ದು ಎರಡು, ನೆನಪಿಡು. ಫೋಟೋಗಳ ಫೋಲ್ಡರ್ ಒಂದು, ಡೇಟಾಬೇಸ್ ಇನ್ನೊಂದು. ಬರೀ ಫೋಲ್ಡರ್ ಇದ್ದರೆ ಚಿತ್ರ ಸಿಗುತ್ತದೆ, ಆಲ್ಬಮ್ಮೂ ಮುಖಗಳ ಹೆಸರೂ ಹೋಗುತ್ತವೆ. ಬರೀ ಡೇಟಾಬೇಸ್ ಇದ್ದರೆ ಹೆಸರು ಇರುತ್ತದೆ, ಚಿತ್ರವೇ ಇರುವುದಿಲ್ಲ. ವಾಪಸ್ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಮಿಕ್ಕಿದ್ದು ಹಾಕು. ಅಲ್ಲಿಯ ತನಕ ಯಾರ ಫೋನಿನಿಂದಲೂ ಒಂದೂ ಅಳಿಸಬೇಡ.

ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ ಅನ್ನುವುದು ಈ ಕೆಲಸದವರ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಮನೆಯಿಂದ ಹೊರಗೆ ಅಂದರೆ ಬೇರೆ ಊರಿಗೆ ಅಂತಲೇ ಇಟ್ಟುಕೋ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ನೀನೂ ನೋಡಿದ್ದೀಯ. ಮನೆಯೇ ಹೋದ ಮೇಲೆ ಪಕ್ಕದ ಕೋಣೆಯ ಬೀರುವಿನಲ್ಲಿದ್ದ ಡಿಸ್ಕ್ ಏನು ಉಳಿಯುತ್ತದೆ? ಮಡಿಕೇರಿಯ ನಿಮ್ಮ ಮನೆಯ ಫೋಟೋಗಳ ಒಂದು ಪ್ರತಿ ಇಲ್ಲಿ ನನ್ನ ಹತ್ತಿರ ಇರಲಿ.

ಕರೆಂಟಿನ ಚಿಂತೆ ಬೇಡ. ಲ್ಯಾಪ್‌ಟಾಪ್ 15 ವಾಟ್ ಎಳೆದರೆ ತಿಂಗಳಿಗೆ ಸುಮಾರು 11 ಯೂನಿಟ್ ಆಗುತ್ತದೆ. ಬ್ಯಾಟರಿ ಚೆನ್ನಾಗಿದ್ದರೆ ಸಣ್ಣಪುಟ್ಟ ಪವರ್ ಕಟ್ ಅದೇ ತಡೆಯುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ತಕ್ಷಣ ತೆಗೆಸು. ಅದು ಬೆಂಕಿಯ ವಿಷಯ, ಸುಮ್ನೆ ಬಿಡಬೇಡ. ಗುಡುಗು ಶುರುವಾದರೆ ಪ್ಲಗ್ ತೆಗೆ, ಫೈಬರ್ ಡಬ್ಬಿಯ ಪ್ಲಗ್ಗೂ ತೆಗೆ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಬರುವುದಿಲ್ಲ. ಆದರೆ ಆ ಡಬ್ಬಿಗೆ ಕರೆಂಟ್ ಕೊಡುವ ವೈರಿನಲ್ಲಿ ಬರುತ್ತದೆ. ಲ್ಯಾಪ್‌ಟಾಪನ್ನು ಗೋಡೆಗೆ ತಾಗಿಸಿ ಇಡಬೇಡ, ಆಷಾಢದಲ್ಲಿ ಶೀತ ಜಾಸ್ತಿ.

ಹುತ್ತರಿ ಹಬ್ಬಕ್ಕೆ ಬರುತ್ತೀಯಲ್ಲ, ಆ ಇಪ್ಪತ್ತು ಫೋಟೋದ ಡಿಸ್ಕ್ ಮರೆಯದೆ ಬ್ಯಾಗಿಗೆ ಹಾಕಿಕೋ. ನನ್ನ ಹಳೇ ಕಂಪ್ಯೂಟರ್ ಖಾಲಿ ಮಾಡಿ ಇಟ್ಟಿರುತ್ತೇನೆ, ಇಬ್ಬರೂ ಕೂತು ವಾಪಸ್ ತರಿಸಿ ನೋಡೋಣ. ಅಜ್ಜ ಇಂಚು, ಸೆಂಟು ಅಂತ ದಿನಾ ಬರೆದಿಟ್ಟ ಮಳೆ ಪುಸ್ತಕಗಳು ಬೀರುವಿನಲ್ಲಿ ಇವೆ. ಒಂದೆರಡರ ಅಂಚು ಗೆದ್ದಲು ಹಿಡಿದಿದೆ. ಅವನ್ನೂ ಒಂದೊಂದೇ ಪುಟ ಫೋಟೋ ತೆಗೆಯೋಣ, ನಾಲ್ಕು ದಿನ ರಜೆ ಹಾಕಿ ಬಾ. ದೊಡ್ಡಮ್ಮ ನಿನಗೆ ಅಂತ ಕಿತ್ತಳೆ ಎತ್ತಿಟ್ಟಿದ್ದಾಳೆ.

ನಿನ್ನ
ದೊಡ್ಡಪ್ಪ