ದೇವನಹಳ್ಳಿಗೂ ಒಮ್ಮೆ ಬಾರೋ

ಪ್ರೀತಿಯ ರವಿ,

ಪ್ರತಿ ವರ್ಷ ಅಮೆರಿಕದಿಂದ ಬಂದು ನೀನು ಇಳಿಯುವುದು ದೇವನಹಳ್ಳಿಯಲ್ಲಿ, ಹೇಳುವುದು ಮಾತ್ರ ಬೆಂಗಳೂರಿಗೆ ಬಂದೆ ಅಂತ! ಟ್ಯಾಕ್ಸಿ ಹತ್ತಿ ನಿದ್ದೆ ಹೊಡೆದರೆ ಹೆಬ್ಬಾಳದ ಟ್ರಾಫಿಕ್‌ನಲ್ಲೇ ನಿನಗೆ ಎಚ್ಚರ. ಈ ಸಲ ಅತ್ತ, ನಂದಿಬೆಟ್ಟದ ಕಡೆಗೆ ತಿರುಗಿಸು. ಊರು ಅಲ್ಲೇ ಇದೆ.

ಹೋದ ಭಾನುವಾರ ಸುಮ್ನೆ ಸುತ್ತಿ ಬಂದೆ. ಕೋಟೆ ಅಂದರೆ ಬರೀ ಪಾಳುಗೋಡೆ ಅಂದುಕೊಳ್ಳಬೇಡ. ಬಾಗಿಲಲ್ಲಿ ಸ್ಕೂಟರ್, ಆಟೊ ಎಲ್ಲ ನುಗ್ಗುತ್ತವೆ, ಒಳಗೆ ಮನೆ, ಅಂಗಡಿ, ಬೀದಿ ಅಂತ ಒಂದು ಊರೇ ಇದೆ. 1501ರಲ್ಲಿ ಇಲ್ಲೇ ಹತ್ತಿರದ ಆವತಿ ಊರಿನ ಪಾಳೇಗಾರ ಮನೆತನದ ಮಲ್ಲಬೈರೇಗೌಡ ಕಟ್ಟಿದ್ದು ಮಣ್ಣಿನ ಕೋಟೆ. ಕಲ್ಲಿನದು ಆಮೇಲೆ, ಹೈದರ್-ಟಿಪ್ಪು ಕಾಲದ್ದು. (ಕೆಂಪೇಗೌಡರ ಹಿರಿಯರೂ ಆವತಿಯಿಂದಲೇ ಹೋದವರಂತೆ. ಹಾಗಾಗಿ ಏರ್‌ಪೋರ್ಟಿಗೆ ಅವರ ಹೆಸರು ಸರಿಯಾಗಿಯೇ ಇದೆ ಬಿಡು.) ಗೋಡೆ ಹತ್ತಿ, ಬಂದೂಕು ತೂರಿಸುವ ಕಿಂಡಿಯೊಂದಕ್ಕೆ ಕಣ್ಣಿಟ್ಟೆ. ಕಂಡಿದ್ದು ಕಪ್ಪು ಸಿಂಟೆಕ್ಸ್ ಟ್ಯಾಂಕು, ತಾರಸಿಯಲ್ಲಿ ಒಣಹಾಕಿದ ಸೀರೆ, ಅದರ ಮೇಲೆ ಇಳಿಯುತ್ತಿರುವ ವಿಮಾನ.

1749ರಲ್ಲಿ ಮೈಸೂರಿನವರು ಇದೇ ಕೋಟೆಗೆ ಮುತ್ತಿಗೆ ಹಾಕಿದಾಗ ಹೈದರಾಲಿ ಮೊದಲ ಸಲ ದೊಡ್ಡವರ ಕಣ್ಣಿಗೆ ಬಿದ್ದಿದ್ದು. ಟಿಪ್ಪು ಹುಟ್ಟಿದ್ದೂ ಇಲ್ಲೇ. ಆ ಜಾಗದಲ್ಲಿರುವುದು ಕಂಬಗಳ ಪುಟ್ಟ ಮಂಟಪ, ಒಂದು ಕಲ್ಲಿನ ಫಲಕ, ಅಷ್ಟೇ. ನನಗೆ ಜಾಸ್ತಿ ಹಿಡಿಸಿದ್ದು ವೇಣುಗೋಪಾಲಸ್ವಾಮಿ ಗುಡಿ. ಅದರ ಗೋಡೆ ತುಂಬ ರಾಮಾಯಣದ ಕೆತ್ತನೆ, ನಿಧಾನಕ್ಕೆ ಒಂದು ಸುತ್ತು ಹಾಕಿದರೆ ಕಥೆ ಓದಿದ ಹಾಗೇ.

ಕೋಟೆಯಿಂದ ಹೊರಗೆ ಬಂದರೆ ಬೇರೆ ಲೋಕ. 2008ರಲ್ಲಿ ವಿಮಾನ ಹಾರಲು ಶುರುವಾದಾಗಿನಿಂದ ಜಮೀನಿನ ರೇಟೂ ಹಾರಿತು, ದ್ರಾಕ್ಷಿ ತೋಟಗಳಿದ್ದಲ್ಲಿ ಲೇಔಟ್ ಬೋರ್ಡು. ಎಲ್ಲರೂ ಮಾರಿಕೊಂಡು ಹೋದರು ಅಂತಲೂ ಅಲ್ಲ. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಬಿಟ್ಟುಕೊಡಲ್ಲ ಅಂತ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು, ಕೊನೆಗೆ 2025ರ ಜುಲೈನಲ್ಲಿ ಸರ್ಕಾರವೇ ಸ್ವಾಧೀನ ಕೈಬಿಟ್ಟು, ತಾವಾಗಿ ಒಪ್ಪಿ ಕೊಡುವವರದ್ದು ಮಾತ್ರ ತಗೊಳ್ಳುತ್ತೇವೆ ಅಂದಿತು. ಏರ್‌ಪೋರ್ಟ್ ಪಕ್ಕದಲ್ಲಿ ರಾಗಿ ಬೆಳೆಯೋದು ದಡ್ಡತನ ಅನ್ನುವವರಿಗೆ ನನ್ನ ಹತ್ತಿರ ಉತ್ತರವಿದೆ, ಫೋನಿನಲ್ಲಿ ಜಗಳ ಆಡೋಣ.

ಹಾಂ, ಚಕ್ಕೋತ! ಜಿಐ ಟ್ಯಾಗ್, ಅಂದರೆ ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು ಇರುವ ಹಣ್ಣು ಕಣೋ. ಬೆರಳಿನಷ್ಟು ದಪ್ಪ ಸಿಪ್ಪೆ ಕಿತ್ತು, ತೊಳೆಯ ಪೊರೆ ಬಿಡಿಸಿ ತಿನ್ನುವಷ್ಟರಲ್ಲಿ ಅರ್ಧ ಗಂಟೆ. ನೀನು ಬಂದಾಗ ಸಿಕ್ಕರೆ ಕೊಳ್ಳೋಣ, ಸುಲಿಯುವ ಕೆಲಸ ನಿನ್ನದು. ಬೆಳಿಗ್ಗೆ ಬೇಗ ಹೋಗೋಣ, ಟೋಪಿ ತಾ, ಕೋಟೆ ಮೇಲೆ ನೆರಳೇ ಇಲ್ಲ.

ಇಂತಿ ನಿನ್ನ,
ಶಿವು